ಕಣ್ಣಿನ ದವಾಖಾನೆಗೆ ಹೋದ ಹುಡುಗನ ಹಾಡು

"ಇದು ಸುಳ್ಳದ. ನಾ ಹಾಡಂಗಿಲ್ಲ."

ಇಷ್ಟು ಹೇಳಿ ಶಾಂತಕ್ಕ ಹೆಡ್‌ಫೋನ್ ತೆಗೆದು ಮೈಕಿನ ಸ್ಟ್ಯಾಂಡಿಗೆ ನೇತುಹಾಕಿದಳು. ಸೆರಗು ಸರಿಮಾಡಿಕೊಂಡು ಹೊರಗೆ ಬಂದು ನನ್ನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ಗಾಜಿನ ಆಚೆ ಅವಳ ತಮ್ಮ ನಾಗೇಶ ಗಿಟಾರ್ ತೊಡೆಯ ಮೇಲಿಟ್ಟುಕೊಂಡು ಹಾಗೇ ಉಳಿದ.

ಜಾಗ ತೆಲಂಗಾಣದ ತಾಂಡೂರು. ನೆಲಕ್ಕೆ ಹಾಸುವ ಫರ್ಶಿ ಬಂಡೆ ಕೊಯ್ಯುವ ಕಾರ್ಖಾನೆಯೊಂದರ ಹಿಂದಿನ ಮಹಡಿ. ನಾಗೇಶನ ಗೆಳೆಯ ಸಲೀಂ ಅಲ್ಲಿ ಒಂದು ಪುಟ್ಟ ಸ್ಟುಡಿಯೊ ಮಾಡಿಕೊಂಡಿದ್ದಾನೆ. ಕೆಳಗೆ ಮಷಿನ್‌ಗಳು ಊಟದ ಹೊತ್ತಿಗೆ ನಿಂತಾಗ ಮಾತ್ರ ಮೇಲೆ ಹಾಡು. ಅವತ್ತು ಊಟದ ಹೊತ್ತು ಪೂರ್ತಿ ಜಗಳದಲ್ಲಿ ಮುಗಿಯಿತು.

ನಾಗೇಶ ಮತ್ತು ಶಾಂತಕ್ಕ ನನ್ನ ದೊಡ್ಡಮ್ಮನ ಮಕ್ಕಳು. ನಾಗೇಶ ಹೈದರಾಬಾದಿನಲ್ಲಿ ಬಾಸ್ ಗಿಟಾರ್, ಅಂದರೆ ಹಾಡಿನ ತಳದಲ್ಲಿ ಗುಂಯ್‌ಗುಡುವ ದಪ್ಪ ತಂತಿಯ ಗಿಟಾರ್, ಬಾರಿಸುತ್ತಾನೆ. ಸ್ಟುಡಿಯೊದವರು ಕರೆದಾಗ ಹೋಗಿ, ಯಾರದೋ ಹಾಡಿಗೆ ಬಾರಿಸಿ ಬರುವ ಕೆಲಸ. ನಿಮ್ಮ ಮದುವೆಯ ವಿಡಿಯೊ ಹಿಂದೆ ಕೇಳುವ ಹಾಡಿನಲ್ಲಿ ಅವನು ಇರಬಹುದು. ಇದ್ದರೂ ನಿಮಗೆ ಗೊತ್ತಾಗುವುದಿಲ್ಲ. (ಫೋನಿನ ಸ್ಪೀಕರಿನಲ್ಲಂತೂ ಬಾಸ್ ಕೇಳುವುದೇ ಇಲ್ಲ. ನಮ್ಮ ನೆಂಟರೆಲ್ಲ ಹಾಡು ಕೇಳುವುದು ಫೋನಿನಲ್ಲೇ. ಹಾಗಾಗಿ ಅವನು ಏನು ಕೆಲಸ ಮಾಡುತ್ತಾನೆ ಅನ್ನುವುದು ನಮ್ಮ ಮನೆತನದಲ್ಲಿ ಇನ್ನೂ ಬಗೆಹರಿಯದ ವಿಷಯ.)

ನಲವತ್ತಾರರ ವಯಸ್ಸಿನಲ್ಲಿ ಅವನಿಗೆ ತನ್ನದೇ ಆಲ್ಬಮ್ ಮಾಡಬೇಕು ಅನಿಸಿತು. ಹಾಡು ಬರೆದ, ರಾಗ ಹಾಕಿದ. ಆದರೆ ಅವನ ದನಿ ಹಾಡಲಿಕ್ಕೆ ಬರುವಂಥದ್ದಲ್ಲ. ಅದು ಅವನಿಗೂ ಗೊತ್ತು. ಹೀಗಾಗಿ ಒಂದೊಂದು ಹಾಡಿಗೆ ಒಬ್ಬೊಬ್ಬರು. ಜಹೀರಾಬಾದಿನ ಒಬ್ಬ ಟೀಚರ್, ಸಲೀಮನ ತಂಗಿ, ಬೊಮ್ರಾಸಪೇಟದ ಒಬ್ಬ ಭಜನೆಯ ಮುದುಕ. ಅವನ ಸೋಲೋ ಆಲ್ಬಮ್, ಇಡೀ ಸೀಮೆಯ ಗಂಟಲು.

ಒಂದು ಹಾಡು ಮಾತ್ರ ಅಕ್ಕನೇ ಹಾಡಬೇಕು ಅಂದ. ಅದು ಅಪ್ಪನ ಹಾಡು.

ಹಿನ್ನೆಲೆ ಹೇಳಿಬಿಡುತ್ತೇನೆ. ಅವರಪ್ಪ ನಾರಾಯಣಖೇಡದಲ್ಲಿ ಟೇಲರ್. ತೀರಿಕೊಂಡು ಬಹಳ ವರ್ಷವಾಯಿತು. ನಾಗೇಶ ಸಣ್ಣವನಿದ್ದಾಗ ಪ್ರತಿ ಶನಿವಾರ ತಾಯಿಯ ಜೊತೆ ಬಸ್ಸಿನಲ್ಲಿ ಜಹೀರಾಬಾದಿಗೆ ಹೋಗುತ್ತಿದ್ದ. ಅಲ್ಲಿ ಚರ್ಚಿನ ಬ್ಯಾಂಡಿನ ಮಾಸ್ತರರೊಬ್ಬರು ಅವನಿಗೆ ತಮ್ಮ ಗಿಟಾರಿನಲ್ಲೇ ಬಾರಿಸಲು ಕಲಿಸುತ್ತಿದ್ದರು. ಸಂಜೆ ವಾಪಸು ಬಂದು ಬಸ್ಸಿಳಿದರೆ ಅಪ್ಪ ಸೈಕಲ್ ಹಿಡಿದು ನಿಂತಿರುತ್ತಿದ್ದರು. ಮಗ ಕಂಡದ್ದು ಇಷ್ಟು. ಮಗ ಬರೆದದ್ದೂ ಇಷ್ಟೇ:

ನಾರಾಯಣಖೇಡದ ಬಸ್ ಸ್ಟ್ಯಾಂಡಿನಾಗ ಸೈಕಲ್ ಹಿಡಿದು ನಿಂತಾನ ನಮ್ಮಪ್ಪ,
ಹಾಡ ಹೊತ್ತು ಬರುವ ಮಗನ ದಾರಿ ಕಾಯಕೊಂತ.

ಚೆನ್ನಾಗಿದೆ, ಅಲ್ಲವೇ? ನನಗೂ ಚೆನ್ನಾಗಿದೆ ಅನಿಸಿತ್ತು.

ಶಾಂತಕ್ಕನ ತಕರಾರು ಬೇರೆ. ಅಪ್ಪನಿಗೆ ಗಿಟಾರಿನ ಸುದ್ದಿಯೇ ಗೊತ್ತಿರಲಿಲ್ಲ. ಬ್ಯಾಂಡು ಬಾರಿಸುವವನಿಗೆ ಹೆಣ್ಣು ಯಾರು ಕೊಡುತ್ತಾರೆ ಅಂತ ಒಮ್ಮೆ ರೇಗಾಡಿದ ಮನುಷ್ಯ. ಅದಕ್ಕೇ ಅವ್ವ ಒಂದು ಸುಳ್ಳು ಹೂಡಿದ್ದಳು. ಹುಡುಗನ ಕಣ್ಣಿಗೆ ತೊಂದರೆ, ವಾರಕ್ಕೊಮ್ಮೆ ಜಹೀರಾಬಾದಿನ ದವಾಖಾನೆಗೆ ತೋರಿಸಬೇಕು. ಇಡೀ ದಿನ ಮನೆಯಲ್ಲಿ ಉಳಿದು, ಅಪ್ಪನಿಗೆ ಊಟಕ್ಕೆ ಬಡಿಸಿ, ಅವರು ಕೇಳಿದ್ದಕ್ಕೆಲ್ಲ ಆ ಸುಳ್ಳನ್ನೇ ಒಪ್ಪಿಸುತ್ತಿದ್ದವಳು ಶಾಂತಕ್ಕ. ಆಗ ಅವಳಿಗೆ ಹದಿನಾಲ್ಕೋ ಹದಿನೈದೋ.

"ಅಪ್ಪ ನಿನ್ನ ದಾರಿ ಕಾಯಾಕ ಬರ್ತಿದ್ದಿಲ್ಲ ತಮ್ಮಾ," ಅಂದಳು ತಾಂಡೂರಿನಲ್ಲಿ. "ನೀವು ಖರೇ ದವಾಖಾನಿಗಿ ಹೋಗಿದ್ರೋ ಇಲ್ಲೋ ತಪಾಸ ಮಾಡಾಕ ಬರ್ತಿದ್ದ. ಆ ಅಂಜಿಕಿ ನಿನಗ ಇದ್ದಿಲ್ಲ. ನನಗ ಇತ್ತು."

ನಾಗೇಶನಿಗೆ ಸಿಟ್ಟು ಬಂತು. ಅಪ್ಪ ಸತ್ತ ಮೇಲೂ ಅವರನ್ನು ಕೆಟ್ಟವರು ಮಾಡಬೇಕಾ ಅಂತ ಕೇಳಿದ. ಹಾಡು ಅಂದರೆ ಕೋರ್ಟಿನ ಸಾಕ್ಷಿಯಲ್ಲ ಅಂದ. ಹಾಗಾದರೆ ಹೈದರಾಬಾದಿನವರ ಕೈಲಿ ಹಾಡಿಸು ಅಂದಳು ಅಕ್ಕ. ಅಷ್ಟರಲ್ಲಿ ಕೆಳಗೆ ಮಷಿನ್‌ಗಳು ಶುರುವಾದವು. ಆಮೇಲೆ ಯಾರಿಗೂ ಏನೂ ಕೇಳಿಸಲಿಲ್ಲ.

ಶಾಂತಕ್ಕನನ್ನು ಕಲ್ಹೇರಿಗೆ, ಅವಳ ಮನೆಗೆ, ನಾನೇ ಕಾರಿನಲ್ಲಿ ಬಿಟ್ಟು ಬಂದೆ. ದಾರಿಯುದ್ದಕ್ಕೂ ಅವಳು ತೊಗರಿಯ ರೇಟು, ಸೊಸೆಯ ಬಿಎಡ್ ಅಂತ ಮಾತಾಡಿದಳು. ಹಾಡಿನ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. (ಅಕ್ಕ-ತಮ್ಮಂದಿರ ಮಧ್ಯೆ ಹೋದವರು ಇಬ್ಬರಿಗೂ ಬೇಡವಾಗುತ್ತಾರೆ ಅನ್ನುವಷ್ಟು ನಾನು ಸಂಸಾರ ಕಂಡಿದ್ದೇನೆ.)

ನಾಗೇಶ ನಿಜಕ್ಕೂ ಹೈದರಾಬಾದಿನ ಒಬ್ಬ ಗಾಯಕಿಯಿಂದ ಹಾಡಿಸಿದ. ನನಗೆ ವಾಟ್ಸಾಪಿನಲ್ಲಿ ಕಳಿಸಿದ. ಇಂಪಾಗಿತ್ತು. ಶ್ರುತಿ, ತಾಳ ಯಾವುದರಲ್ಲೂ ತಪ್ಪಿಲ್ಲ. ಆಕೆ ನಮ್ಮ ನಾರಾಯಣಖೇಡವನ್ನು ಯಾವುದೋ ಹೂವಿನ ಹೆಸರು ಹೇಳಿದ ಹಾಗೆ ಹೇಳಿದ್ದಳು. ನಾನು ಹೆಬ್ಬೆರಳೆತ್ತಿದ ಚಿತ್ರ ಕಳಿಸಿ ಸುಮ್ಮನಾದೆ.

ಮುಂದಿನದು ನಡೆದದ್ದು ಕಲ್ಹೇರಿನಲ್ಲಿ. ದೊಡ್ಡಮ್ಮ ಈಗ ಮಗಳ ಮನೆಯಲ್ಲೇ ಇದ್ದಾಳೆ. ಆಲ್ಬಮ್ ಬಿಡುಗಡೆಗೆ ತಾಯಿಯನ್ನು ಕರೆಯಲು ನಾಗೇಶ ಹೊರಟ. ಒಬ್ಬನೇ ಹೋಗಲು ಧೈರ್ಯವಿರಲಿಲ್ಲವೋ ಏನೋ, ನನ್ನನ್ನೂ ಎಳೆದುಕೊಂಡು ಹೋದ. ಶಾಂತಕ್ಕ ನೀರು ಕೊಟ್ಟಳು, ಅಡುಗೆಮನೆಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಬೇಕೆಂದೇ ಜೋರಾಗಿ ಬಡಿಯುತ್ತಿದ್ದಳು ಅಂತ ನನ್ನ ಅನುಮಾನ.

ನಾಗೇಶ ತಾಯಿಗೆ ಫೋನಿನಲ್ಲಿ ಹಾಡು ಕೇಳಿಸಿದ. ದೊಡ್ಡಮ್ಮ ಕೊನೆಯತನಕ ಕೇಳಿದಳು. ಯಾರು ಹಾಡಿದ್ದು ಅಂತ ಕೇಳಿದಳು. ಶಾಂತಾ ಯಾಕೆ ಹಾಡಲಿಲ್ಲ ಅಂತ ಕೇಳಿದಳು. ನಾಗೇಶ ಆಗಿದ್ದನ್ನು ಹೇಳಿದ. ತನ್ನ ಕಡೆಗೆ ಸ್ವಲ್ಪ ವಾಲಿಸಿಯೇ ಹೇಳಿದ. ಅಡುಗೆಮನೆಯಲ್ಲಿ ರೊಟ್ಟಿಯ ಸದ್ದು ನಿಂತಿತು.

ದೊಡ್ಡಮ್ಮ ಮಂಚದ ಮೇಲಿನ ಚಾದರ ಸರಿಮಾಡಿದಳು. ಆಮೇಲೆ ಇಬ್ಬರಿಗೂ ಕೇಳುವ ಹಾಗೆ ಹೇಳಿದಳು.

"ಶಾಂತಾ ಅಂದಿದ್ದು ಖರೇ ಅದ. ಮೊದಲ ನಿಮ್ಮಪ್ಪ ತಪಾಸ ಮಾಡಾಕೇ ಬಂದಿದ್ರು. ಒಂದಿನ ಬಸ್ಸಿಳಿದ ಮ್ಯಾಲ ನಿನ್ನ ಕೈ ಹಿಡಿದು ಬೆಳಕಿಗಿ ನೋಡಿದ್ರು. ತಂತಿ ಒತ್ತಿ ಒತ್ತಿ ಬೆರಳ ತುದಿಗಿ ಗುಳ್ಳಿ ಬಂದಿದ್ವು. ಸೂಜಿ ಹಿಡಿಯೋ ಮನಷ್ಯಾಗ ಬೆರಳು ಗೊತ್ತಾಗಂಗಿಲ್ಲೇನು? ಕಣ್ಣಿನ ದವಾಖಾನಿಗಿ ಹೋದವಗ ಬೆರಳಿಗಿ ಯಾಕ ಗುಳ್ಳಿ ಬರ್ತಾವ? ನನ್ನ ಜೀವ ಹೋದಂಗ ಆತು. ಅವರು ಏನೂ ಅನ್ಲಿಲ್ಲ. ಸೈಕಲ್ ಮ್ಯಾಲ ಕೂಡಿಸಿಕೊಂಡು ಮನಿಗಿ ಕರಕೊಂಡು ಬಂದ್ರು. ಮುಂದಿನ ಶನಿವಾರ ಮತ್ತ ಬಂದು ನಿಂತಿದ್ರು."

ಶಾಂತಕ್ಕ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದಳು.

"ಮತ್ತ ಅಪ್ಪ ನನ್ನ ಯಾಕ ಕೇಳ್ತಿದ್ದ?" ಅಂದಳು. "ಡಾಕ್ಟರ್ ಏನಂದ್ರು, ಔಷಧ ಹಾಕ್ಲತೀರೇನು ಅಂತ. ಎಲ್ಲಾ ಗೊತ್ತಿದ್ದೂ ಯಾಕ ಕೇಳ್ತಿದ್ದ?"

ಅದು ತನಗೂ ಗೊತ್ತಿಲ್ಲ ಅಂದಳು ದೊಡ್ಡಮ್ಮ. ಆ ಮನುಷ್ಯ ತನಗೂ ಹೇಳಲಿಲ್ಲವಂತೆ, ತಾನೂ ಕೇಳಲಿಲ್ಲವಂತೆ. ಗಂಡ ಹೆಂಡತಿ ಒಂದೇ ಸುಳ್ಳನ್ನು ಆಚೆ ಈಚೆ ಹಿಡಿದುಕೊಂಡು ವರ್ಷಗಟ್ಟಲೆ ಸಂಸಾರ ಮಾಡಿದರು. ನಡುವೆ ಮಗಳೊಬ್ಬಳು ಹೆದರಿಕೊಂಡು ಅನ್ನ ಬಡಿಸಿದಳು. ಶಾಂತಕ್ಕನಿಗೆ ಕಣ್ಣಲ್ಲಿ ನೀರು ಬಂತು. ಸಮಾಧಾನಕ್ಕೋ ಸಿಟ್ಟಿಗೋ, ನನಗೆ ಹೇಳಲಾಗುವುದಿಲ್ಲ. ಎರಡೂ ಇದ್ದಿರಬಹುದು.

ನಾಗೇಶ ಎದ್ದು ಅಡುಗೆಮನೆಗೆ ಹೋದ. ಒಲೆಯ ಹತ್ತಿರ ಮಣೆ ಹಾಕಿಕೊಂಡು ಕೂತು, ನಿನಗೆ ಹೇಗೆ ಬೇಕೋ ಹಾಗೆ ಹೇಳು ಅಕ್ಕಾ, ನಾನು ಬರೆದುಕೊಳ್ಳುತ್ತೇನೆ ಅಂದ. ಅವಳು ಒಂದು ಸಾಲು ಹೇಳಿದಳು. ಅವನು ತಾಳಕ್ಕೆ ಕೂಡುವುದಿಲ್ಲ ಅಂದ. ಹಾಗಾದರೆ ತಾಳ ಬದಲಿಸು ಅಂದಳು. ಬದಲಿಸಿದ. ನಾನೂ ದೊಡ್ಡಮ್ಮನೂ ಹೊರಗೆ ಆರಿದ ರೊಟ್ಟಿ ತಿಂದೆವು.

ತಾಂಡೂರಿನಲ್ಲಿ ಮತ್ತೆ ರೆಕಾರ್ಡಿಂಗ್ ಆಯಿತು. ಈಗ ಹಾಡಿನಲ್ಲಿ ಸೈಕಲ್ ಹಿಡಿದ ಅಪ್ಪನಿದ್ದಾನೆ, ಬಸ್ಸಿನಲ್ಲಿ ಎದೆ ಹಿಡಿದುಕೊಂಡು ಕೂತ ಅವ್ವನಿದ್ದಾಳೆ, ಮನೆಯಲ್ಲಿ ಅಂಜುತ್ತ ಕೂತ ಅಕ್ಕನಿದ್ದಾಳೆ. ಶಾಂತಕ್ಕನ ದನಿ ಎರಡು ಕಡೆ ನಡುಗುತ್ತದೆ. ಇನ್ನೊಮ್ಮೆ ಹಾಡಿಸೋಣ ಅಂತ ಸಲೀಂ ಅಂದನಂತೆ. ನಾಗೇಶ ಬೇಡ ಅಂದ.

ಹೋದ ವಾರ ಜಹೀರಾಬಾದಿನ ಒಂದು ಫಂಕ್ಷನ್ ಹಾಲಿನಲ್ಲಿ ಬಿಡುಗಡೆ. ದೊಡ್ಡ ಸ್ಪೀಕರ್ ಹಾಕಿಸಿದ್ದರಿಂದ ನಮ್ಮ ನೆಂಟರಿಗೆ ಮೊದಲ ಸಲ ಬಾಸ್ ಅಂದರೇನು ಗೊತ್ತಾಯಿತು. ಕೆಲವರು ಎದೆ ಮುಟ್ಟಿ ನೋಡಿಕೊಂಡರು. ನಾಗೇಶನ ಕಾಕಾ ಮಾತ್ರ ಅಪ್ಪನ ಹಾಡು ಮುಗಿದ ಕೂಡಲೇ ಎದ್ದರು. ಮನೆಯ ಮಾತನ್ನು ಮೈಕಿನಲ್ಲಿ ಹೇಳುತ್ತಾರೇನು ಅಂತ ನನ್ನ ಹತ್ತಿರ ಗೊಣಗಿದರು. (ಊಟ ಮುಗಿಸಿಯೇ ಹೋದರು.)

ಪರದೆಯ ಮೇಲೆ ಆ ಹಾಡಿನ ಸಾಹಿತ್ಯಕ್ಕೆ ಅಕ್ಕ-ತಮ್ಮ ಇಬ್ಬರ ಹೆಸರಿತ್ತು. ದೊಡ್ಡಮ್ಮನ ಹೆಸರನ್ನೂ ಹಾಕಬೇಕು ಅಂತ ಮಕ್ಕಳು ಕೇಳಿದ್ದರು. ತಾನೇನು ಮಾಡಿದ್ದೇನೆ ಅಂತ ಅವಳು ಒಪ್ಪಲಿಲ್ಲ. ಶಾಂತಕ್ಕ ತನ್ನ ಹೆಸರನ್ನು ಪರದೆಯ ಮೇಲೆ ಎರಡು ಸಲ ಓದಿದಳು. ನೋಡಿಲ್ಲ ಅನ್ನುವ ಹಾಗೆ ಓದಿದಳು.

ಮೈಕ್ ಹಿಡಿದಿದ್ದ ಹುಡುಗಿ ನಾಗೇಶನನ್ನು ಕೇಳಿದಳು, ಸೋಲೋ ಆಲ್ಬಮ್ ಮಾಡಿದ್ದಕ್ಕೆ ಹೇಗನಿಸುತ್ತಿದೆ ಸರ್? ಅವನು ಅಕ್ಕನ ಕಡೆ ನೋಡಿದ, ನಕ್ಕ, ಗಿಟಾರ್ ಎತ್ತಿಕೊಂಡ.

ನನ್ನ ಸ್ವಂತ ಶ್ರಮದಿಂದ ಮೇಲೆ ಬಂದೆ ಅಂತ ಹೇಳಿಕೊಳ್ಳುವವರು ನಮ್ಮಲ್ಲಿ ಬಹಳ. ನಾವು ಮೇಲೆ ಬರುವಾಗ ನಮಗಾಗಿ ಮನೆಯಲ್ಲಿ ಸುಳ್ಳು ಹೇಳುತ್ತ ಕೂತವರು ಯಾರು?