ನಾವೇ ಒಡೆದ ಬ್ರೇಕರ್

ಪ್ರತಿ ಭಾನುವಾರ ಬೆಳಿಗ್ಗೆ ಏಳು ಗಂಟೆಯ ಹೊತ್ತಿಗೆ ಯಾರಾದರೊಬ್ಬರು ಬೆವರು ನಾರುವ ಹೆಲ್ಮೆಟ್ಟನ್ನು ತಿನ್ನುವ ಟೇಬಲ್ಲಿನ ಮೇಲೆ ಇಟ್ಟು, ಎದುರಿನ ಗದ್ದೆ, ಅದರಾಚೆಯ ತಾಳೆಮರ, ಇನ್ನೂ ಆಚೆಯ ಸಮುದ್ರ ಎಲ್ಲವನ್ನೂ ಒಮ್ಮೆ ನೋಡಿ, "ಆಂಟಿ, ಆಪ್ ಕಿತ್ನೇ ಲಕ್ಕಿ ಹೋ" ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ನಗುವುದು ನಮ್ಮ ಕಸುಬಿನಲ್ಲಿ ಸೇರಿದ್ದು. ಒಳಗೆ ಮಾತ್ರ ಮೈ ಉರಿಯುತ್ತಿತ್ತು. ಲಕ್ಕಿಯಂತೆ! ನೀರಿನ ಟ್ಯಾಂಕರ್ ಬಾರದ ದಿನ ಬಾ ಮಗನೇ. ಇಡೀ ರಸ್ತೆಯಲ್ಲಿ ಒಂದು ನಾಯಿ ಮಾತ್ರ ಮಲಗಿರುವ ಮಂಗಳವಾರದ ಮಧ್ಯಾಹ್ನ ಬಾ. ಹಲ್ಲುನೋವಿಗೆ ದವಡೆ ಹಿಡಿದುಕೊಂಡು ದೋಣಿ ಹತ್ತಿ ಸಮುದ್ರದ ಹಿನ್ನೀರಿನ ಖಾಡಿ ದಾಟಿ ಬೊರಿವಲಿಗೆ ಹೋಗುವಾಗ ನನ್ನ ಪಕ್ಕದಲ್ಲಿ ಕೂತು ಹೇಳು ಲಕ್ಕಿ ಅಂತ.

ಮುಂಬಯಿ ಎಂದರೆ ಲೋಕಲ್, ಚಾಳು, ಬಿಲ್ಡಿಂಗು ಎಂದುಕೊಂಡವರಿಗೆ ಗೊರಾಯಿಯಿಂದ ಉತ್ತನ್ ಕಡೆಗೆ ಹೋಗುವ ಈ ರಸ್ತೆ ಗೊತ್ತಿರುವುದಿಲ್ಲ. ಖಾಡಿಯ ಈ ದಡದಲ್ಲಿ ನಿಂತರೆ ಆಚೆ ಕಾಂದಿವಲಿ, ಬೊರಿವಲಿಯ ಟವರುಗಳು ಕಾಣುತ್ತವೆ. ಈಚೆಗೆ ಗದ್ದೆ, ಗುಡ್ಡ, ಉಪ್ಪು ಗಾಳಿ, ಅಲ್ಲೊಂದು ಇಲ್ಲೊಂದು ಮನೆ. ರಸ್ತೆಯಲ್ಲಿ ತಿರುವುಗಳು ಒಂದರ ಹಿಂದೆ ಒಂದು ಬರುತ್ತವೆ. ಬೈಕಿನವರಿಗೆ ಬೇಕಾದದ್ದೇ ಅದು. ವಾರವಿಡೀ ಆಫೀಸಿನಲ್ಲಿ ಬಗ್ಗಿ ಕೂತವರು ಭಾನುವಾರ ಇಲ್ಲಿ ಬೈಕನ್ನು ಬಗ್ಗಿಸಲು ಬರುತ್ತಾರೆ. ನಮ್ಮ ಆರು ಟೇಬಲ್ಲಿನ ಹೊಟೇಲು ಇರುವುದು ಅತಿ ಚೆಂದದ ತಿರುವಿನ ಪಕ್ಕದಲ್ಲೇ.

ನಾವು ಇಲ್ಲಿಗೆ ಬಂದದ್ದು ಚೆಂದ ನೋಡಿ ಅಲ್ಲ. ಉಡುಪಿ ಕಡೆಯಿಂದ ಬಂದ ನನ್ನ ಗಂಡ ಸಾಂತಾಕ್ರೂಜಿನ ಒಂದು ಹೊಟೇಲಿನಲ್ಲಿ ಟೇಬಲ್ ಒರೆಸುವುದರಿಂದ ಶುರುಮಾಡಿ ಅಡಿಗೆ ಭಟ್ಟರಾಗಿ, ಕೊನೆಗೆ ಗಲ್ಲಾದ ಮೇಲೆ ಕೂರುವ ತನಕ ಬೆಳೆದವರು. ನಮ್ಮ ಸಂಸಾರ ಆಂಟಾಪ್ ಹಿಲ್‌ನ ಒಂದು ಖೋಲಿಯಲ್ಲಿ. ಧಣಿಗಳು ತೀರಿಕೊಂಡ ಮೇಲೆ ಅವರ ಮಕ್ಕಳು ಇಡ್ಲಿ ಸಾಕು ಎಂದು ಅಲ್ಲಿ ಬಾರ್ ಮಾಡಿದರು. ಐವತ್ತು ದಾಟಿದ ಮನುಷ್ಯನಿಗೆ ಬೇರೆ ಎಲ್ಲಿ ಕೆಲಸ? ಯಾರೋ ಹೇಳಿದರೆಂದು ಈ ತಗಡಿನ ಶೆಡ್ಡನ್ನು ಬಾಡಿಗೆಗೆ ಹಿಡಿದೆವು. ನೀರ್‌ದೋಸೆ, ಬನ್ಸ್, ತೆಂಗಿನಕಾಯಿ ಚಟ್ನಿ, ಚಹಾ. ಉಳಿದ ದಿನ ನೊಣ ಹೊಡೆಯುವುದು, ಒಂದು ದಿನ ದುಡಿಯುವುದು. ಭಾನುವಾರ ಬೈಕಿನವರು ಬಂದರೆ ಮಾತ್ರ ನಮ್ಮ ವಾರ ನಡೆಯುತ್ತಿತ್ತು.

ಸಾಂತಾಕ್ರೂಜಿನಿಂದ ಇವರು ಒಂದು ನಿಯಮವನ್ನು ಗಂಟುಕಟ್ಟಿಕೊಂಡು ಬಂದಿದ್ದರು. ಗಿರಾಕಿ ಒಂದು ದೂರನ್ನು ಎರಡನೇ ಸಲ ಹೇಳಬಾರದು. ಸಾಂಬಾರಿಗೆ ಉಪ್ಪು ಜಾಸ್ತಿ ಎಂದವನು ಮುಂದಿನ ವಾರ ಬಂದಾಗ ಇವರೇ ಟೇಬಲ್ಲಿನ ಹತ್ತಿರ ಹೋಗಿ, ಇವತ್ತು ನೋಡಿ ಸರಿಯಾಗಿದೆ ಎನ್ನಬೇಕು. ಕುರ್ಚಿ ಅಲ್ಲಾಡುತ್ತದೆ ಎಂದರೆ ಅವತ್ತೇ ಮೊಳೆ ಹೊಡೆಯಬೇಕು. ಸಾಂಬಾರಿಗೂ ಕುರ್ಚಿಗೂ ಅದು ಒಳ್ಳೆಯ ನಿಯಮವೇ.

ರಸ್ತೆಯ ಆಚೆ ಬದಿಯ ಗುಡಿಸಲಿನಲ್ಲಿ ವಿಜಯಪುರ ಕಡೆಯ ಒಬ್ಬ ಹೆಂಗಸು ಇದ್ದಳು. ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವಳು. ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಗಂಡ ಹೆಂಡತಿ ಇಬ್ಬರೂ ರಸ್ತೆ ಹಾಕುವ ಗ್ಯಾಂಗಿನಲ್ಲಿ ಬಂದವರು. ಈ ಕಡೆಯ ಎಷ್ಟೋ ರಸ್ತೆಗಳ ಡಾಂಬರು ಅವಳು ತಲೆಯ ಮೇಲೆ ಹೊತ್ತದ್ದು. ಗಂಡ ಸತ್ತ, ಗ್ಯಾಂಗು ಮುಂದೆ ಹೋಯಿತು, ಅವಳು ಇಲ್ಲೇ ಉಳಿದಳು. ನಮ್ಮಲ್ಲಿ ಅವಳ ಕೆಲಸ ಕಾಯಿ ತುರಿಯುವುದು. ತುರಿಮಣೆಯ ಮೇಲೆ ಕೂರಲು ಕಲಿಸಿದ್ದೇ ನಾನು. "ಇದೇನ ಕುದರಿ ಏರಿಧಂಗ ಕೂಡೂದು ತಂಗೀ" ಎಂದು ನಗುತ್ತಿದ್ದಳು. ಭಾನುವಾರ ಬೆಳಕು ಹರಿಯುವಾಗ ಬಂದು ಒಂದು ರಾಶಿ ತುರಿದಿಟ್ಟು, ಮನೆಗೆ ಹೋಗಿ ರೊಟ್ಟಿ ಬಡಿದು, ಎಂಟಕ್ಕೆ ಮತ್ತೆ ರಸ್ತೆ ದಾಟಿ ಬರುತ್ತಿದ್ದಳು. ಊರಿನ ಕನ್ನಡ ಕೇಳಲು ನನಗೆ ಅವಳೊಬ್ಬಳೇ. ಅವಳ ಕನ್ನಡವೂ ನನ್ನದೂ ಒಂದೇ ಅಲ್ಲ ಎನ್ನುವುದು ಬೇರೆ ಮಾತು.

ಆ ತಿರುವಿನಲ್ಲಿ ವೇಗ ತಗ್ಗಿಸಲು ಒಂದು ಬ್ರೇಕರ್ ಬೇಕು ಎಂದು ಹಟ ಹಿಡಿದವಳೂ ಅವಳೇ. ಒಂದು ಭಾನುವಾರ ಪಕ್ಕದ ಮನೆಯ ಆಡಿನ ಮರಿ ಬೈಕಿಗೆ ಸಿಕ್ಕಿ ಸತ್ತಿತು. ಇವತ್ತು ಆಡು, ನಾಳೆ ಮಕ್ಕಳು ಎಂದು ಅವಳು ಮನೆಮನೆಗೆ ಹೋಗಿ ಹೇಳಿದಳು. ಎಲ್ಲರೂ ಸೇರಿ ರಸ್ತೆ ಆಫೀಸಿಗೆ ಅರ್ಜಿ ಕೊಟ್ಟರು, ಯಾರೂ ಬರಲಿಲ್ಲ. ಆಮೇಲೆ ಸುತ್ತಲಿನ ನಾಲ್ಕೈದು ಮನೆಯವರು ಸೇರಿ, ಎಲ್ಲೋ ಉಳಿದಿದ್ದ ಡಾಂಬರು ತಂದು, ಅವಳು ಹೇಳಿದ ಹಾಗೆ ಜಲ್ಲಿ ಕೂರಿಸಿ ತಾವೇ ಒಂದು ಬ್ರೇಕರ್ ಹಾಕಿದರು. ಕೆಲಸಕ್ಕೆ ಬಂದವರಿಗೆಲ್ಲ ಚಹಾ ಕೊಟ್ಟದ್ದು ನಾವು. ಅದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ಮುಂದಿನ ಭಾನುವಾರವೇ ದೂರು ಬಂತು. ನಮ್ಮಲ್ಲಿಗೆ ಬರುತ್ತಿದ್ದ ಅತಿ ದೊಡ್ಡ ಗುಂಪಿನ ಮುಂದಾಳು ಕಾಂದಿವಲಿಯ ಹುಡುಗ, ಅಪ್ಪ ಅಮ್ಮ ಬೆಳಗಾವಿಯವರು. ಅವನ ಅರೆಬರೆ ಕನ್ನಡ ಕೇಳಿ ನಾನು ಮೊದಲಿನಿಂದಲೂ ಕರಗಿಹೋಗಿದ್ದೆ. ನಮ್ಮವನು ಎಂದು ಅವನ ತಟ್ಟೆಗೆ ಒಂದು ದೋಸೆ ಹೆಚ್ಚೇ ಬೀಳುತ್ತಿತ್ತು.

"ಆಂಟಿ, ಆ ಬ್ರೇಕರ್ ಭಾಳ ಹೈ ಅದ. ಬೈಕ್ ನೀಚೇ ಸೇ ಘಿಸ್ತಾ ಹೈ, ತಳ ಉಜ್ಜತದ. ಟರ್ನಿಂದು ಮಜಾನೇ ಹೋತು," ಎಂದ. "ಗ್ರೂಪ್‌ನಾಗ ಎಲ್ಲಾರೂ ಹೇಳಾಕತ್ತಾರ, ನೆಕ್ಸ್ಟ್ ಟೈಮ್ ಬೇರೆ ರೂಟ್ ನೋಡೋಣು ಅಂತ. ನಂಗ ನಿಮ್ಮ ದೋಸಾ ಬೇಕು. ಲೇಕಿನ್ ನಾ ಒಬ್ಬನ ಏನ್ ಮಾಡ್ಲಿ?"

ಅವನು ಬೆದರಿಸಲಿಲ್ಲ. ಬಹಳ ಪ್ರೀತಿಯಿಂದ, ಬೆರಳು ನೆಕ್ಕುತ್ತಾ ಹೇಳಿದ. ಅದೇ ನನಗೆ ಈಗ ಹೆಚ್ಚು ಸಿಟ್ಟು ತರುವುದು.

ಆ ಸಂಜೆ ಇವರು ಊಟ ಸರಿಯಾಗಿ ಮಾಡಲಿಲ್ಲ. "ಒಂದು ದೂರನ್ನು ಎರಡನೇ ಸಲ ಹೇಳಿಸಿಕೊಳ್ಳಬಾರದು ಮಾರಾಯ್ತಿ," ಎಂದರು. ನಾನು ಬೇಡ ಎನ್ನಲಿಲ್ಲ. ಸುಳ್ಳು ಯಾಕೆ, ಪಿಕಾಸಿ ಎಲ್ಲಿದೆ ಎಂದು ತೋರಿಸಿದವಳು ನಾನೇ. ಸೋಮವಾರ ನಮಗೆ ರಜೆ. ಮಧ್ಯಾಹ್ನ ಉರಿಬಿಸಿಲಿನಲ್ಲಿ ರಸ್ತೆ ಖಾಲಿ ಇರುವಾಗ ಇವರು ಅಗೆದರು, ನಾನು ಜಲ್ಲಿಯನ್ನು ಬುಟ್ಟಿಗೆ ತುಂಬಿ ಗದ್ದೆಯಂಚಿಗೆ ಸುರಿದೆ. ಅರ್ಧ ಗಂಟೆ ಸಾಕಾಯಿತು. ಕೇಳಿದವರಿಗೆಲ್ಲ ನೀರಿನ ಟ್ಯಾಂಕರಿನ ಭಾರಕ್ಕೆ ಕಿತ್ತುಹೋಯಿತು ಎಂದೆವು. ಮರುದಿನ ಅಕ್ಕ ಕಾಯಿ ತುರಿಯಲು ಬಂದಾಗ ಅವಳಿಗೂ ಅದನ್ನೇ ಹೇಳಿದೆ. ಅವಳು ಹೌದೇನು ಎಂದು ತುರಿಮಣೆ ಎಳೆದುಕೊಂಡಳು.

ಭಾನುವಾರ ಆ ಹುಡುಗ ಬಂದು ಇವರ ಬೆನ್ನು ತಟ್ಟಿದ. ಇವರ ಮುಖ ಅರಳಿದ್ದನ್ನು ನೋಡಿ ನಾನೂ ಹಿಗ್ಗಿದೆ. ಅವತ್ತು ಮಧ್ಯಾಹ್ನದೊಳಗೆ ಹಿಟ್ಟು ಖಾಲಿ.

ಅದರ ಮುಂದಿನ ಭಾನುವಾರ ಎಂಟು ಗಂಟೆಗೆ ನಾನು ಕಾವಲಿಯ ಮುಂದಿದ್ದೆ. ತಿರುವಿನಾಚೆ ಬೈಕುಗಳ ಸದ್ದು ಕೇಳಿತು. ಆಮೇಲೆ ಟಾರಿನ ಮೇಲೆ ಕಬ್ಬಿಣ ಉಜ್ಜಿದ ಸದ್ದು. ಓಡಿಹೋಗಿ ನೋಡಿದರೆ ರಸ್ತೆಯ ನಡುವೆ ಅಕ್ಕ ಬಿದ್ದಿದ್ದಾಳೆ, ಮೊಣಕಾಲಿನ ಕೆಳಗೆ ಕಾಲು ತಿರುಗಬಾರದ ಕಡೆಗೆ ತಿರುಗಿದೆ. ಗುದ್ದಿದವನು ಅದೇ ಗುಂಪಿನವನು, ಇಪ್ಪತ್ತೆರಡು ಇಪ್ಪತ್ತಮೂರರ ಪ್ರಾಯ. ಅವನಿಗೆ ಮೊಣಕೈ ತರಚಿತ್ತು, ಅಷ್ಟೆ. ಉಳಿದವರು ಬೈಕ್ ನಿಲ್ಲಿಸಿದರು. ಇಬ್ಬರು ಆಂಬ್ಯುಲೆನ್ಸಿಗೆ ಫೋನ್ ಹಚ್ಚಿದರು, ಒಬ್ಬ ಬಿದ್ದ ಬೈಕಿನ ಟ್ಯಾಂಕಿಗೆ ಗೀರು ಬಿದ್ದದ್ದನ್ನು ಕೂತು ನೋಡುತ್ತಿದ್ದ. ಅವನ ಕೆನ್ನೆಗೆ ಬಾರಿಸಬೇಕಿತ್ತು ನಾನು. ಬಾರಿಸಲಿಲ್ಲ. ಅಕ್ಕನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ.

"ಆಂಟಿ, ಅಜ್ಜಿ ಸಡನ್ ಆಗಿ ಬಂದ್ರು," ಎಂದ ಮುಂದಾಳು ಹುಡುಗ.

ಸಡನ್! ಅವಳು ನಡೆಯುತ್ತಿದ್ದ ರೀತಿ ನೋಡಿದ್ದರೆ ಹಾಗೆ ಹೇಳುತ್ತಿರಲಿಲ್ಲ. ಜೀವಮಾನವಿಡೀ ತಲೆಯ ಮೇಲೆ ಭಾರ ಹೊತ್ತವಳು ಸಡನ್ ಆಗಿ ಏನನ್ನೂ ಮಾಡುವುದಿಲ್ಲ. "ಬಾಯಿ ಮುಚ್ಚು," ಎಂದು ಕಿರುಚಿದೆ. ಅವನು ಬೆಚ್ಚಿದ. ನನ್ನ ಬಾಯಿಂದ ಅವನು ಅಲ್ಲಿಯವರೆಗೆ ಕೇಳಿದ್ದೆಲ್ಲ ಇನ್ನೊಂದು ದೋಸೆ ಹಾಕಲಾ ಎನ್ನುವ ಮಾತು ಮಾತ್ರ.

ಕಾಲು ಎರಡು ಕಡೆ ಮುರಿದಿತ್ತು. ಆಪರೇಷನ್ ಮಾಡಿ ಸಲಾಕೆ ಹಾಕಿದರು. ಆಸ್ಪತ್ರೆಗೂ ಹೊಟೇಲಿಗೂ ನಾನು ಓಡಾಡಿದೆ. ದಾರಿಯುದ್ದಕ್ಕೂ ಬೈಯುವುದೇ ನನ್ನ ಕೆಲಸವಾಗಿತ್ತು. ಬೈಕಿನವರನ್ನು ಬೈದೆ. ಅರ್ಜಿಯ ಮೇಲೆ ಕೂತ ಆಫೀಸಿನವರನ್ನು ಬೈದೆ. ಮನೆಯಲ್ಲಿ ತುಳುವಿನಲ್ಲಿ ಇವರನ್ನು ಬೈದೆ, ನಿಮ್ಮ ಸಾಂತಾಕ್ರೂಜಿನ ನಿಯಮವನ್ನು ಒಲೆಗೆ ಹಾಕಿ ಎಂದೆ. ಇವರು ತಲೆ ತಗ್ಗಿಸಿ ಕೂತಿದ್ದರು. ಬೈಸಿಕೊಳ್ಳದೆ ಉಳಿದವಳು ಒಬ್ಬಳೇ, ಪಿಕಾಸಿ ತೋರಿಸಿದವಳು.

ಅದಾಗಿ ಮೂರನೇ ಭಾನುವಾರ ಅದೇ ಗುಂಪು ಮತ್ತೆ ಬಂತು. ಅದೇ ಟೇಬಲ್ಲು, ಅದೇ ಹೆಲ್ಮೆಟ್ಟುಗಳು. "ಅಜ್ಜಿ ಹೆಂಗದಾರ ಆಂಟಿ?" ಎಂದು ಕೇಳಿದ ಹುಡುಗ ಉತ್ತರ ಬರುವಷ್ಟರಲ್ಲಿ ಫೋನಿಗೆ ಬಗ್ಗಿದ್ದ. ಅವರಲ್ಲೊಬ್ಬ ಚಟ್ನಿ ಮೊದಲಿನ ಹಾಗಿಲ್ಲ ಎಂದ. ಕಾಯಿಯನ್ನು ಮಿಕ್ಸಿಗೆ ಹಾಕಿದ್ದೆ, ತುರಿಯುವವಳು ಆಸ್ಪತ್ರೆಯಲ್ಲಿದ್ದಳಲ್ಲ. ಇವರು ಅಭ್ಯಾಸಬಲದಿಂದ, "ಮುಂದಿನ ವಾರ ಸರಿಮಾಡುತ್ತೇವೆ," ಎಂದುಬಿಟ್ಟರು. ನನ್ನ ಕೈಯಲ್ಲಿದ್ದ ಸೌಟು ನೆಲಕ್ಕೆ ಬಿತ್ತು. ಬಿತ್ತು ಅನ್ನುವುದೂ ಸುಳ್ಳು, ಎಸೆದೆ.

ಅಕ್ಕ ಗುಡಿಸಲಿಗೆ ಮರಳಿದ ಮೇಲೆ ಒಂದು ಮಧ್ಯಾಹ್ನ ಗಂಜಿ ತೆಗೆದುಕೊಂಡು ಹೋದೆ. ಅವಳು ಹೊರಸಿನ ಮೇಲೆ ಕೂತು ಪ್ಲಾಸ್ಟರಿನ ಒಳಗೆ ಪೊರಕೆಕಡ್ಡಿ ತೂರಿಸಿ ತುರಿಸಿಕೊಳ್ಳುತ್ತಿದ್ದಳು. ಗಂಜಿ ಇಟ್ಟು ನಿಂತಲ್ಲೇ ಹೇಳಿದೆ. "ಅಕ್ಕಾ, ಆ ಬ್ರೇಕರ್ ಟ್ಯಾಂಕರಿಂದ ಹೋದದ್ದಲ್ಲ. ನಾವು ಒಡೆದದ್ದು."

"ಗೊತ್ತೈತಿ," ಎಂದಳು. ಕಡ್ಡಿ ಆಡಿಸುವುದನ್ನು ನಿಲ್ಲಿಸಲಿಲ್ಲ.

"ಯಾರು ಹೇಳಿದ್ದು?"

"ನನಗ ಯಾರ ಹೇಳಬೇಕ? ಟ್ಯಾಂಕರ್ ಹಾದ್ರ ನಡುವ ಕುಸಿತೈತಿ. ಅದನ್ನ ಅಂಚಿನಿಂದ ಎಬ್ಬಿಸಿದ್ರಿ. ಮೂವತ್ತ ವರ್ಷ ಡಾಂಬರ ಹೊತ್ತಾಕಿಗೆ ಪಿಕಾಸಿ ಗುರತು ತಿಳಿಯೂದಿಲ್ಲೇನು?" ಕಿಟಕಿಯ ಕಡೆ ಕೈ ತೋರಿಸಿದಳು. "ಮತ್ತ ಇಲ್ಲಿಂದ ಕಂಡೂ ಕಂಡೀನಿ. ನೀ ಬುಟ್ಟಿ ಹಿಡದಿದ್ದಿ."

ನನಗೆ ನಾಚಿಕೆಯಾಗಬೇಕಿತ್ತು. ಆದದ್ದು ಸಿಟ್ಟು. ಅವಳ ಮೇಲೆಯೇ ಎರಗಿದೆ. ಗೊತ್ತಿದ್ದರೆ ಯಾಕೆ ಹೇಳಲಿಲ್ಲ, ಊರವರನ್ನು ಕರೆದು ನಮ್ಮ ಮಾನ ಯಾಕೆ ಕಳೆಯಲಿಲ್ಲ, ಏನೂ ಆಗದ ಹಾಗೆ ಮರುದಿನ ಬಂದು ಯಾಕೆ ಕಾಯಿ ತುರಿದೆ ಎಂದು ಕೂಗಾಡಿದೆ. ಹೇಳಿದ್ದರೆ ಈ ಕಾಲು ಉಳಿಯುತ್ತಿತ್ತಲ್ಲ!

ಅವಳು ಕೂಗು ಮುಗಿಯುವವರೆಗೆ ಕಾದಳು. "ನಾ ಹೇಳಿದ್ರ ನಿಮ್ಮ ಹೊಟೇಲ ಬಂದ್ ಆಗತಿತ್ತು ತಂಗೀ. ನಿಮ್ಮದು ಬಂದ್ ಆದ್ರ ನನ್ನ ಒಲಿನೂ ಬಂದ್. ಅದಕ್ಕ ಸುಮ್ಮಕಾದೆ. ಮರದಿನಾ ಕಾಯಿ ತುರಕೋತ ನಿನ್ನ ಮಾರೀನ ನೋಡಾಕತ್ತಿದ್ದೆ. ನೀನ ಹೇಳ್ತಿ ಅನ್ಕೊಂಡಿದ್ದೆ. ಇವತ್ತ ಹೇಳ್ತಿ, ನಾಳೆ ಹೇಳ್ತಿ ಅಂತ."

ಎರಡು ವಾರ ಅವಳು ನನ್ನ ಎದುರು ಕೂತು ಕಾಯಿ ತುರಿಯುತ್ತಾ ಕಾದಿದ್ದಳು. ಆ ಎರಡು ವಾರ ನಾನು ಅವಳ ಮುಂದೆ ಏನೇನು ಹರಟಿದ್ದೆನೋ. ಬಾಗಿಲ ಬಳಿ ಕೂತು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ. ಗಂಜಿ ಕುಡಿದು, ಬಟ್ಟಲನ್ನು ನನ್ನ ಕಡೆ ತಳ್ಳಿ, "ಅತ್ತದ್ದ ಸಾಕ. ಖಡಿ ಎಲ್ಲಿ ಒಗದೀರಿ? ಆರಿಸಿಕೊಂಡ ಬರ್ರಿ," ಎಂದಳು.

ಮುಂದಿನ ಸೋಮವಾರ ಗದ್ದೆಯಂಚಿನ ಜಲ್ಲಿ ಆರಿಸಿ ತಂದು ನಾವು ಗಂಡ ಹೆಂಡತಿಯೇ ಮತ್ತೆ ಬ್ರೇಕರ್ ಹಾಕಿದೆವು. ಡಾಂಬರು ಸಿಗಲಿಲ್ಲ, ಸಿಮೆಂಟೇ ಆಯಿತು. ಅಕ್ಕನನ್ನು ನಮ್ಮ ಹೊಟೇಲಿನ ಕುರ್ಚಿಯಲ್ಲಿ ರಸ್ತೆ ಬದಿಗೆ ಕೂರಿಸಿದ್ದೆವು. ಅಲ್ಲಿಂದಲೇ ಇವರ ಮೇಲೆ ಜೋರು ಮಾಡಿದಳು. "ದಪ್ಪ ಖಡಿ ಮೊದಲ ಹಾಕ್ರಿ ಯಣ್ಣಾ, ಹೊಟೇಲದಾಗ ಚಟ್ನಿ ಬಡಿಸಿಧಂಗ ಅಲ್ಲ ಇದು." ಕೊನೆಗೆ ಬಿಳಿ ಪಟ್ಟಿ ಬಳಿಯಲೇಬೇಕು ಎಂದಳು. "ದೂರಿಂದ ಕಾಣಬೇಕ. ಕಾಣದ ಬಿದ್ದಾರು, ಅವೂ ಯಾರದೋ ಮಕ್ಕಳು." ನನಗೆ ಅಷ್ಟು ದೊಡ್ಡ ಮನಸ್ಸು ಇರಲಿಲ್ಲ. ಆದರೂ ಬಳಿದೆ.

ಭಾನುವಾರ ಹುಡುಗ ಬಂದು, "ಮತ್ತ ಯಾರ ಹಾಕಿದ್ರು ಆಂಟಿ?" ಎಂದ.

"ನಾನು. ಕಳೆದ ಸಲ ತೆಗೆದದ್ದೂ ನಾನೇ. ನೀನು ಕೇಳಿದೆ ಅಂತ ತೆಗೆದೆ. ಅವಳ ಕಾಲು ಮುರಿಯಿತು," ಎಂದೆ. ಕನ್ನಡದಲ್ಲೇ ಹೇಳಿದೆ, ಒಂದೊಂದು ಮಾತನ್ನೂ ಬಿಡಿಸಿ ಹೇಳಿದೆ, ಅರ್ಥವಾಗಲಿಲ್ಲ ಎನ್ನಬಾರದು ಎಂದು. ಅವನಿಗೆ ಅರ್ಥವಾಯಿತು. ಚಹಾ ಅರ್ಧಕ್ಕೇ ಬಿಟ್ಟು ಎದ್ದ. ಆಚೆ ಬದಿಯ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ ಅಕ್ಕನನ್ನು ಒಂದು ಗಳಿಗೆ ನೋಡಿದ. ಅವಳ ಹತ್ತಿರ ಹೋಗುತ್ತಾನೆ ಅಂದುಕೊಂಡೆ. ಹೆಲ್ಮೆಟ್ ಹಾಕಿಕೊಂಡು ಹೊರಟ.

ಅವರು ಮತ್ತೆ ಬಂದಿಲ್ಲ. ಬೇರೆ ಗುಂಪುಗಳು ತಿರುವಿಗೆ ಬಂದು, ಬಿಳಿ ಪಟ್ಟಿ ಕಂಡು, ಗೇರ್ ಇಳಿಸಿ, ಮೆಲ್ಲಗೆ ಹತ್ತಿ ಇಳಿದು, ಮುಂದಿನ ನುಣ್ಣನೆ ರಸ್ತೆಗೆ ಹೋಗಿಬಿಡುತ್ತವೆ. ಆರು ಟೇಬಲ್ಲಿನಲ್ಲಿ ಎರಡು ತುಂಬಿದರೆ ಹೆಚ್ಚು. ಚಟ್ನಿಗೆ ಎರಡು ಕಾಯಿ ಸಾಕಾಗುತ್ತದೆ, ಅದಕ್ಕೊಬ್ಬರು ಬೇಕಾಗಿಲ್ಲ. ಆದರೂ ಅಕ್ಕ ಕುರ್ಚಿಯಲ್ಲಿ ಕೂತು, "ನೋಡ ತಂಗೀ, ಹೆಂಗ ಮೆಲ್ಲಕ ಹೊಂಟಾರ. ಸಾಕ ಬಿಡ," ಎನ್ನುತ್ತಾಳೆ.

ನನಗೆ ಸಾಕಾಗಿಲ್ಲ. ಭಾನುವಾರ ತಿರುವಿನಾಚೆ ಬೈಕಿನ ಸದ್ದು ಕೇಳಿದರೆ ಈಗಲೂ ಗಿರಾಕಿ ಬಂದರೆಂದು ನನ್ನ ಕೈ ತಾನಾಗಿ ಕಾವಲಿಗೆ ಎಣ್ಣೆ ಸವರುತ್ತದೆ. ಆ ಕೈಯ ಮೇಲೆ ನನಗಿರುವಷ್ಟು ಸಿಟ್ಟು ಆ ಹುಡುಗರ ಮೇಲೂ ಇಲ್ಲ.