ಖಡಕ್ ಬೆರಳು

ಧಾರವಾಡದ ಮಾಳಮಡ್ಡಿಯ ಮಾನಸಿಗೆ ಸೋಲು ಒಪ್ಪುವ ಅಭ್ಯಾಸವೇ ಇಲ್ಲ. ಮನೆಮಂದಿ ತಂಬೂರಿ ಶ್ರುತಿ ಮಾಡುವಾಗ ಬಿರಡೆ ಯಾಕೆ ಜಾರುತ್ತದೆಂದು ಕಿತ್ತು ನೋಡಿ ಬೈಸಿಕೊಂಡ ಹುಡುಗಿ ಅವಳು. ಈಗ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಸ್ವಂತ ವರ್ಕ್‌ಶಾಪ್ ಇದೆ.

ಹಳೇ ಹುಬ್ಬಳ್ಳಿಯಲ್ಲಿ ರೊಟ್ಟಿ ಕೇಂದ್ರ ನಡೆಸುವ ಭುವನೇಶ್ವರಿ ಕೇಳಿದ್ದು ಒಂದೇ: ಒಣಗಿದ ಜೋಳದ ರೊಟ್ಟಿಯನ್ನು ಮುರಿಯದಂತೆ ಎತ್ತಿ ಪೆಟ್ಟಿಗೆಗಿಡುವ ಯಂತ್ರ. ಎತ್ತಿಟ್ಟೂ ಎತ್ತಿಟ್ಟೂ ಆಕೆಯ ಮಣಿಕಟ್ಟು ಬಾತಿತ್ತು. ರೊಟ್ಟಿ ಬಡಿಯಲು ಹೆಂಗಸರು ಸಿಗುತ್ತಿದ್ದರು, ದಿನವಿಡೀ ಎತ್ತಿಡಲು ಯಾರೂ ಒಪ್ಪುತ್ತಿರಲಿಲ್ಲ. ಯಂತ್ರ ಬರದಿದ್ದರೆ ಕೇಂದ್ರಕ್ಕೆ ಬೀಗ.

"ಮಷೀನ್ ಖಡಕ್ ಇರಬೇಕ್ರಿ ಅಕ್ಕಾರ," ಎಂದಿದ್ದಳು.

ನಮ್ಮ ಕಡೆ ಖಡಕ್ ಎಂದರೆ ಗಟ್ಟಿ, ಜೊತೆಗೆ ಮೆಚ್ಚುಗೆಯ ಮಾತು. ಚಹಾ ಖಡಕ್, ಸಾಹೇಬ ಖಡಕ್, ರೊಟ್ಟಿಯಂತೂ ಖಡಕ್ಕೇ. ಮಾನಸಿ ಆ ಮಾತಿಗೆ ಉಬ್ಬಿ ಉಕ್ಕಿನ ಬೆರಳು ಮಾಡಿಸಿದಳು. ರೊಟ್ಟಿ ಚೂರಾಯಿತು. ಕ್ಯಾಮೆರಾ, ಸೆನ್ಸರ್ ಕೂಡಿಸಿದಳು; ಪ್ರೋಗ್ರಾಂ ಬರೆಯುವ ಶಿವಯೋಗೀಶ ಅದನ್ನು ಉದ್ದ ಮಾಡುತ್ತಲೇ ಹೋದ. ಬೆರಳು ತಾಗಿದ ಸುದ್ದಿ ಕಂಪ್ಯೂಟರಿಗೆ ಮುಟ್ಟಿ ಅಪ್ಪಣೆ ತಿರುಗಿ ಬರುವಷ್ಟರಲ್ಲಿ ರೊಟ್ಟಿ ಪುಡಿ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ!

ಯಂತ್ರದ ಕಡೆಯ ಪರೀಕ್ಷೆಯ ಹಿಂದಿನ ದಿನ ಮಾನಸಿ ಊಟಕ್ಕೆ ಕುಳಿತು, ಬಿಡಿಭಾಗ ತಡಮಾಡಿದ ಅಂಗಡಿಯವನೊಡನೆ ಫೋನಿನಲ್ಲಿ ಜಗಳ ತೆಗೆದಿದ್ದಳು. ಸಿಟ್ಟು ನೆತ್ತಿಗೇರಿತ್ತು. ನೋಡದೆಯೇ ಬುತ್ತಿಯಿಂದ ಖಡಕ್ ರೊಟ್ಟಿಯೊಂದನ್ನು ಎತ್ತಿದಳು. ಮುರಿಯಲಿಲ್ಲ. ತಲೆಯೆಲ್ಲ ಜಗಳದಲ್ಲಿತ್ತಲ್ಲ, ಹಾಗಾದರೆ ಈ ಲೆಕ್ಕ ಮಾಡಿದ್ದು ಯಾರು? ಫೋನಿಟ್ಟು ಮತ್ತೆ ಹಿಡಿದು ನೋಡಿದಳು. ರೊಟ್ಟಿಯ ಉಬ್ಬುತಗ್ಗಿಗೆ ಬೆರಳ ತುದಿಯ ಮಾಂಸ ತಾನೇ ತಗ್ಗಿ ಹೊಂದಿಕೊಂಡಿತ್ತು, ತಲೆಯ ಅಪ್ಪಣೆಗೆ ಕಾದಿರಲಿಲ್ಲ. ಉತ್ತರ ಇಷ್ಟು ದಿನ ಕೈಯಲ್ಲೇ ಇತ್ತೆಂದು ತನ್ನ ಮೇಲೇ ನಗು ಬಂತು.

ಉಕ್ಕು ಕಳಚಿ, ಸ್ಕೂಟರ್ ಟ್ಯೂಬಿನ ರಬ್ಬರಿಗೆ ಸ್ಪಂಜು ತುಂಬಿ ಬೆರಳು ಮಾಡಿದಳು. ಪ್ರೋಗ್ರಾಂ ಅರ್ಧ ಅಳಿಸು ಎಂದಳು.

"ಮಷೀನ್ ದಡ್ಡ ಆಗತೈತ್ರಿ ಮೇಡಂ," ಶಿವಯೋಗೀಶ ಗಾಬರಿಯಾದ.

"ದಡ್ಡ ಅಲ್ಲೋ. ಅರ್ಧಾ ಶ್ಯಾಣೇತನ ಬೆರಳಿನ್ಯಾಗ ಇಟ್ಟೀವಿ. ಎಲ್ಲಾ ತಲೀನ ಮಾಡಬೇಕಂದ್ರ ಹೆಂಗ? ಎಲ್ಲಿ ಎತ್ತಬೇಕು, ಎಲ್ಲಿ ಇಡಬೇಕು, ಅಷ್ಟ ಅದು ನೋಡ್ಲಿ."

ಮರುದಿನ ಭುವನೇಶ್ವರಿ ಬೇಕೆಂದೇ ಸೊಟ್ಟ ರೊಟ್ಟಿ, ಅಂಚು ಕರಕಾದ ರೊಟ್ಟಿ ಆರಿಸಿ ಇಟ್ಟಳು. ಯಂತ್ರ ಒಂದೊಂದನ್ನೇ ಎತ್ತಿತು, ಇಟ್ಟಿತು. ಒಂದೂ ಬಿರುಕು ಬಿಡಲಿಲ್ಲ. ಮಾನಸಿಯ ಎದೆ ಹಿಗ್ಗಿತು. ಭುವನೇಶ್ವರಿ ರಬ್ಬರ್ ಬೆರಳನ್ನು ಹಿಚುಕಿ ನೋಡಿ ನಕ್ಕಳು.

"ಬೆರಳು ಮೆತ್ತಗಾತು, ಮಷೀನ್ ಖಡಕ್ ಆತ ನೋಡ್ರಿ!"

ಕುರ್ಚಿ ಎಳೆದು ಕೂತು, ಬಾತ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಇವಕ್ಕ ಇವತ್ತಿನಿಂದ ಕೆಲಸಾ ಇಲ್ಲ, ಸೂಟಿ."