ಹಿತ್ತಿಲ ಬಾಗಿಲಿಗೆ ಬಂದ ಸರ್ಕಾರ

ವರ್ನಾ ಟ್ರೌಟ್‌ಳ ಕೋಟಿನ ಎಡಜೇಬಿನಲ್ಲಿ ಸರ್ಕಾರದ ಬ್ಯಾಡ್ಜು ಇರುತ್ತಿತ್ತು, ಬಲಜೇಬಿನಲ್ಲಿ ನಾಯಿ ಬಿಸ್ಕತ್ತು. ಹದಿನಾಲ್ಕು ವರ್ಷದಲ್ಲಿ ಯಾವುದು ಹೆಚ್ಚು ಬಾಗಿಲು ತೆರೆಸಿತು ಎಂದು ಕೇಳಿದರೆ ಅವಳು ಬಲಜೇಬನ್ನೇ ತಟ್ಟಿ ತೋರಿಸುತ್ತಿದ್ದಳು.

ಓಹಾಯೋದ ದಕ್ಷಿಣದ ಗುಡ್ಡಗಳಲ್ಲಿ ಯಾರಿಗಾದರೂ ಗುಟ್ಟು ಕಾಯಬೇಕಾದ ಸರ್ಕಾರಿ ಕೆಲಸ ಸಿಗುವಂತಿದ್ದರೆ ಮೊದಲು ಅವರ ಪೂರ್ವಾಪರ ವಿಚಾರಿಸಬೇಕು. ಕುಡಿಯುತ್ತಾರೆಯೇ, ಸುಳ್ಳು ಹೇಳುತ್ತಾರೆಯೇ, ಕೈ ಎತ್ತುತ್ತಾರೆಯೇ ಎಂದು ಅಕ್ಕಪಕ್ಕದವರನ್ನು ಕೇಳಬೇಕು. ಸರ್ಕಾರ ಇದನ್ನೆಲ್ಲ ತಾನೇ ಮಾಡಲು ಹೋಗುವುದಿಲ್ಲ. ಒಂದು ಕಂಪನಿಗೆ ಗುತ್ತಿಗೆ ಕೊಡುತ್ತದೆ. ಕಂಪನಿ ವರ್ನಾಳಂಥವರಿಗೆ ಒಳಗುತ್ತಿಗೆ ಕೊಡುತ್ತದೆ. ಮಾತಾಡಿಸಿದ ತಲೆಗಿಷ್ಟು ಎಂದು ಕೂಲಿ. ರಜೆಯಿಲ್ಲ, ಪಿಂಚಣಿಯಿಲ್ಲ, ಕಾರೂ ಅವಳದೇ, ಪೆಟ್ರೋಲೂ ಅವಳದೇ. ಬ್ಯಾಡ್ಜು ಮಾತ್ರ ಅಪ್ಪಟ ಸರ್ಕಾರದ್ದು, ಹದ್ದಿನ ಚಿತ್ರವಿದ್ದದ್ದು.

ಅರವತ್ತೊಂದು ವರ್ಷದ ಈ ಹೆಂಗಸು ಆ ಹದ್ದನ್ನು ಗೌರವಿಸುತ್ತಿದ್ದ ಬಗೆ ನೋಡಿದರೆ ನಗುವೂ ಬರುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು. ಕಂಪನಿಯ ದೊಡ್ಡವರು ಯಾರೂ ಅಷ್ಟು ನಿಷ್ಠೆಯಿಂದ ಅದನ್ನು ಒರೆಸಿರಲಾರರು. ಜನ ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತಿದ್ದಳು. ತನ್ನದೊಂದು ಮಾತು ಸೇರಿಸುತ್ತಿರಲಿಲ್ಲ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಕಿವಿಗೆ ಹಾಕುತ್ತಿರಲಿಲ್ಲ. ಇದರಿಂದ ಒಂದು ತೊಂದರೆಯೂ ಆಗಿತ್ತು. ಮೂರು ಜಿಲ್ಲೆಯ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡವಳು ಯಾರ ಜೊತೆ ತಾನೇ ಹರಟೆಗೆ ಕೂತಾಳು? ಗಂಡ ರಾಯ್ ಟ್ರೌಟ್ ಇರುವಾಗ ಮನೆಯಲ್ಲಿ ಅಷ್ಟಿಷ್ಟು ಮಾತಿತ್ತು. ಅವನು ಹೋಗಿ ಒಂಬತ್ತು ವರ್ಷವಾದ ಮೇಲೆ ಸಂಜೆ ಕಾರು ನಿಲ್ಲಿಸಿ, ಪಕ್ಕದ ಮನೆಯ ವೆಂಡೆಲ್ ಓಟ್ಸ್ ಕಂಡರೆ ಕೈ ಬೀಸಿ, ಒಳಗೆ ಹೋಗಿ ವರದಿ ಬರೆಯುತ್ತ ಕೂರುವಳು. ಅಷ್ಟೇ.

ಆ ಗುಡ್ಡಗಳಲ್ಲಿ ಮುಂಬಾಗಿಲು ಎನ್ನುವುದು ಇದ್ದೂ ಇಲ್ಲದ ಹಾಗೆ. ಮನೆಯವರು, ನೆಂಟರು, ನೆರೆಯವರು ಎಲ್ಲರೂ ಹಿಂದಿನ ಅಡುಗೆಮನೆ ಬಾಗಿಲಲ್ಲೇ ಓಡಾಡುವುದು. ಮುಂಬಾಗಿಲು ತಟ್ಟಿದರೆಂದರೆ ಪೊಲೀಸರು, ಇಲ್ಲವೇ ಧರ್ಮಪ್ರಚಾರದವರು. ಇದು ತಿಳಿಯದೆ ನಗರದಿಂದ ಬಂದ ಎಷ್ಟೋ ಮಂದಿ ವಿಚಾರಣೆಯವರು 'ಮನೆಯಲ್ಲಿ ಯಾರೂ ಇಲ್ಲ' ಎಂದು ಬರೆದುಕೊಂಡು ಹಿಂದಿರುಗಿದ್ದಾರೆ. ವರ್ನಾ ನೇರ ಹಿತ್ತಿಲಿಗೇ ಹೋಗುವಳು. ಎರಡು ಮೆಟ್ಟಿಲು ಕೆಳಗೆ ನಿಂತು ಮೊದಲು ತಾನು ಯಾರ ಮಗಳೆಂದು ಹೇಳುವಳು, ಆಮೇಲೆ ಬ್ಯಾಡ್ಜು. ಅವಳ ಅಪ್ಪ ವರ್ಜಿಲ್ ಪ್ರೂಯಿಟ್ ನಲವತ್ತು ವರ್ಷ ಆ ಕಡೆಯೆಲ್ಲ ಬಾವಿ ತೋಡಿದವನು. ಅವನು ತೋಡಿದ ನೀರು ಕುಡಿಯದ ಮನೆ ಕಡಿಮೆ.

ಓಪಲ್ ಡೆಂಪ್ಸಿಯ ಮನೆಗೂ ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಹೀಗೆಯೇ ಹೋಗಿದ್ದಳು. ಓಪಲ್‌ಗೆ ಎಂಬತ್ತನಾಲ್ಕು. ಅವಳ ಮನೆಯ ಕೆಳಗಿನ ತಿರುವಿನಲ್ಲಿ ಬೆಳೆದ ಕೆಂಡ್ರಾ ಲೈಲ್ ಎಂಬ ಹುಡುಗಿಗೆ ನದಿಯಾಚೆಯ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ ಸಿಗುವುದಿತ್ತು. ನೆರೆಯವಳಾಗಿ ಓಪಲ್ ಎರಡು ಮಾತು ಹೇಳಬೇಕಿತ್ತು.

"ಯಾರದು?" ಜಾಲರಿ ಬಾಗಿಲ ಹಿಂದಿನಿಂದ ಕೇಳಿದಳು ಓಪಲ್.

"ನಾನು ಓಪಲಮ್ಮ, ಬಾವಿ ತೋಡ್ತಿದ್ರಲ್ಲ ವರ್ಜಿಲ್, ಅವ್ರ ಮಗಳು. ಈಗ ಸರ್ಕಾರದ ಕೆಲ್ಸದ ಮೇಲೆ ಬಂದಿದೀನಿ. ನೋಡಿ, ಬ್ಯಾಡ್ಜು."

"ಅಯ್ಯೋ, ವರ್ಜಿಲ್ ಮಗಳಾ! ಬಾರೇ ಒಳಗೆ. ಅದನ್ನ ಆಕಡೆ ಇಡು, ಕನ್ನಡಕ ಎಲ್ಲಿಟ್ಟಿದೀನೋ ನಂಗೇ ಗೊತ್ತಿಲ್ಲ. ಕೈ ತೊಳ್ಕೊ. ಎರಡು ಬುಟ್ಟಿ ಹುರುಳಿಕಾಯಿ ಬಿದ್ದಿದೆ, ಮಧ್ಯಾಹ್ನದೊಳಗೆ ಭರಣಿಗೆ ತುಂಬ್ಬೇಕು."

ಪ್ರಶ್ನೆ ಕೇಳುವ ಮುನ್ನ ಪ್ರತಿಯೊಬ್ಬರಿಗೂ ಓದಿ ಹೇಳಬೇಕಾದ ಒಂದು ಒಕ್ಕಣೆಯಿದೆ. ಯಾರ ವಿಚಾರ ಕೇಳುತ್ತೇವೋ ಅವರು ಮುಂದೆ ಅರ್ಜಿ ಹಾಕಿ ತಮ್ಮ ಕಡತ ತರಿಸಿಕೊಳ್ಳಬಹುದು. ನೀವು ಹೇಳಿದ್ದನ್ನೂ ನಿಮ್ಮ ಹೆಸರನ್ನೂ ಅದರಲ್ಲಿ ಓದಬಹುದು ಎಂಬ ಎಚ್ಚರಿಕೆ ಅದು. ವರ್ನಾ ಶುರುಮಾಡಿದಳು. ಅರ್ಧಕ್ಕೆ ಬಂದಿದ್ದಳು ಅಷ್ಟೆ.

"ಪಾದ್ರಿ ಥರ ಓದ್ತಿದೀಯಲ್ಲೇ," ಓಪಲ್ ಅವಳ ಮಡಿಲಿಗೆ ಒಂದು ರಾಶಿ ಕಾಯಿ ಸುರಿದಳು. "ಸಾಕು ಬಿಡು. ಕೆಂಡ್ರಾ ವಿಷ್ಯ ತಾನೆ? ಕೇಳು."

ವರ್ನಾ ನಕ್ಕು ಬಿಟ್ಟಳು. ಆ ತಿಳಿ ಬೆಳಗಿನಲ್ಲಿ ನಕ್ಕಿದ್ದು ತಪ್ಪೇನಲ್ಲ; ಮಿಕ್ಕ ಅರ್ಧವನ್ನು ಓದದೇ ಬಿಟ್ಟದ್ದು ತಪ್ಪು. ಒಂದು ಗಂಟೆ ನಾರು ಬಿಡಿಸುತ್ತ, ನಡುನಡುವೆ ಕೈ ಒರೆಸಿಕೊಂಡು ಬರೆದುಕೊಳ್ಳುತ್ತ ಕೂತಳು. ಓಪಲ್‌ಳ ಗಂಡ ಸತ್ತ ಚಳಿಗಾಲ ಹತ್ತು ವರ್ಷದ ಕೆಂಡ್ರಾ ದಿನಾ ಬೆಳಿಗ್ಗೆ ಶಾಲೆಯ ಬಸ್ಸು ಹತ್ತುವ ಮೊದಲು ಗುಡ್ಡ ಹತ್ತಿ ಬಂದು, ಓಪಲ್ ಎದ್ದು ಒಲೆ ಹಚ್ಚಿದ್ದಾಳೆಯೇ, ಚಿಮಣಿಯಲ್ಲಿ ಹೊಗೆ ಏಳುತ್ತಿದೆಯೇ ಎಂದು ನೋಡಿಕೊಂಡು ಹೋಗುತ್ತಿದ್ದಳಂತೆ. ವರ್ನಾ ಇದನ್ನೂ ಬರೆದಳು. ಆ ಸಂಜೆ ವರದಿ ತುಂಬುವಾಗ 'ಒಕ್ಕಣೆ ಓದಲಾಯಿತೇ' ಎಂಬ ಕಡೆ ಕೈ ತನ್ನಷ್ಟಕ್ಕೆ 'ಹೌದು' ಎಂದು ಗುರುತು ಹಾಕಿತು. ಹದಿನಾಲ್ಕು ವರ್ಷದ ಅಭ್ಯಾಸ.

ತಿಂಗಳಾದ ಮೇಲೆ ಕಂಪನಿಯವರು ಓಪಲ್‌ಗೆ ಫೋನು ಮಾಡಿದರು. ವಿಚಾರಣೆಯವರು ನಿಜವಾಗಿ ಹೋಗಿದ್ದರೋ, ಮನೆಯಲ್ಲೇ ಕೂತು ಕಥೆ ಕಟ್ಟಿದರೋ ಎಂದು ಹತ್ತರಲ್ಲಿ ಒಬ್ಬರನ್ನು ಹೀಗೆ ಕೇಳಿ ನೋಡುವುದುಂಟು. ತನಿಖಾಧಿಕಾರಿ ಟ್ರೌಟ್ ಎಂಬವರು ಬಂದಿದ್ದರೇ ಎಂದು ಕೇಳಿದ್ದಕ್ಕೆ ಓಪಲ್, ಟ್ರೌಟ್ ಗೀಟ್ ಯಾರೂ ಬಂದಿಲ್ಲ, ಬಂದಿದ್ದರೂ ಗುರುತಿಲ್ಲದವರನ್ನು ತಾನು ಒಳಗೆ ಬಿಡುವವಳಲ್ಲ ಎಂದು ಹೇಳಿ ಫೋನು ಇಟ್ಟಳು. ಮುದುಕಿ ಸುಳ್ಳು ಹೇಳಲಿಲ್ಲ. ಅವಳ ಮನೆಗೆ ಬಂದದ್ದು ವರ್ಜಿಲ್‌ನ ಮಗಳು.

ಮರುದಿನವೇ ವರ್ನಾಳ ಬ್ಯಾಡ್ಜು ವಾಪಸು ಕಳಿಸಬೇಕೆಂದು ಪತ್ರ ಬಂತು. ನಡೆಯದ ಭೇಟಿಯನ್ನು ನಡೆಯಿತೆಂದು ಬರೆದ ಅನುಮಾನ. ಸಾಬೀತಾದರೆ ಕೆಲಸ ಹೋಗುವುದಷ್ಟೇ ಅಲ್ಲ, ಸರ್ಕಾರಕ್ಕೆ ಸುಳ್ಳು ಹೇಳಿದ ಅಪರಾಧ, ಜೈಲೂ ಆಗಬಹುದು. ತನಿಖೆ ಮುಗಿಯುವ ತನಕ ಓಪಲ್ ಡೆಂಪ್ಸಿಯನ್ನು ನೋಡುವಂತಿಲ್ಲ, ಫೋನು ಮಾಡುವಂತಿಲ್ಲ. ವರ್ನಾ ಬ್ಯಾಡ್ಜನ್ನು ಹತ್ತಿಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ ಅಂಚೆಗೆ ಕೊಟ್ಟಳು. ಕೋಟು ಹಾಕಿಕೊಂಡಾಗ ಎಡಜೇಬು ಹಗುರಾಗಿ, ನಡೆದರೆ ಬಲಕ್ಕೆ ವಾಲುತ್ತಿದ್ದೇನೆ ಅನ್ನಿಸುತ್ತಿತ್ತು.

ಮೂರು ವಾರ ಮನೆಯಲ್ಲೇ ಕೂತಳು. ಅವಮಾನ ಎಂದರೆ ಏನೆಂದು ಬೇರೆಯವರ ಬಾಯಲ್ಲಿ ಬೇಕಾದಷ್ಟು ಕೇಳಿದ್ದಳು. ಈಗ ಅದು ತನ್ನ ಅಡುಗೆಮನೆಯಲ್ಲೇ ಎದುರಿಗೆ ಕೂತು ಕಾಫಿ ಕುಡಿಯಲು ಬಿಡುತ್ತಿರಲಿಲ್ಲ.

ಕೊನೆಗೆ ಕರೆ ಬಂತು. ಜಿಲ್ಲಾ ಗ್ರಂಥಾಲಯದ ಹಿಂದಿನ ಕೋಣೆ, ಒಂದು ಮೇಜು, ಎರಡು ಕುರ್ಚಿ. ಎಷ್ಟೋ ಜನರನ್ನು ಅವಳೇ ಆ ಕೋಣೆಯಲ್ಲಿ ಕೂರಿಸಿಕೊಂಡು ಕೇಳಿದ್ದಳು. ಈ ಸಲ ಗೋಡೆಯ ಕಡೆಯ ಕುರ್ಚಿ ಅವಳದು. ಎದುರಿಗೆ ಟ್ರೆಂಟ್ ಮೇಬ್ರಿ ಎಂಬ ಹುಡುಗ, ಮೂವತ್ತೂ ಆಗಿರಲಿಕ್ಕಿಲ್ಲ, ರಾಜಧಾನಿಯಿಂದ ಬಂದವನು. ಬೂಟು ಕನ್ನಡಿಯಂತೆ ಮಿಂಚುತ್ತಿತ್ತು. ಬಲಗೈ ಎತ್ತಿಸಿ ಪ್ರಮಾಣ ಮಾಡಿಸಿದ.

"ನಿಮ್ಮನ್ನ ಚೆನ್ನಾಗಿ ಬಲ್ಲ ನೆರೆಯವರು ಯಾರಾದ್ರೂ ಇದಾರಾ ಮೇಡಂ?"

"ಇದಾರಲ್ಲಪ್ಪ, ವೆಂಡೆಲ್ ಓಟ್ಸ್. ಪಕ್ಕದ ಮನೆ. ಹತ್ತೊಂಬತ್ತು ವರ್ಷದ ಪರಿಚಯ. ನನ್ನ ಬಗ್ಗೆ ಏನು ಬೇಕಾದ್ರೂ ಕೇಳಿ ಅವ್ರನ್ನ." ತಡವರಿಸದೆ ಹೇಳಿದಳು.

ಮೇಬ್ರಿ ಹೆಸರು ಬರೆದುಕೊಂಡ. ಓಪಲ್‌ಳ ಮನೆಯ ವಿಷಯಕ್ಕೆ ಬಂದ. ಹೋದದ್ದು ಯಾವಾಗ, ಕೂತದ್ದು ಎಲ್ಲಿ, ಹೇಳಿದ್ದು ಏನು ಎಂದೆಲ್ಲ ಕೇಳಿದ. ಆಮೇಲೆ ತಲೆ ಎತ್ತದೆ, "ಒಕ್ಕಣೆ ಪೂರ್ತಿ ಓದಿದ್ರಾ?" ಎಂದ.

ಹೂಂ ಎಂದರೆ ಮುಗಿಯಿತು. ಅವತ್ತು ಓಪಲ್‌ಳ ಅಡುಗೆಮನೆಯಲ್ಲಿದ್ದದ್ದು ಅವಳು, ಮುದುಕಿ ಮತ್ತು ಹುರುಳಿಕಾಯಿ. ಹುರುಳಿಕಾಯಿ ಈಗ ಭರಣಿಯೊಳಗಿದೆ. ಮುದುಕಿಗೆ ಅದು ನೆನಪಿರುವುದೂ ಇಲ್ಲ. ಇಲ್ಲ ಎಂದರೆ, ಒಂದು ಕಡೆ ಸುಳ್ಳು ಗುರುತು ಹಾಕಿದವಳು ಇಡೀ ಭೇಟಿಯನ್ನೇ ಕಟ್ಟಿರಬಾರದೇಕೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಇದೇ ಕುರ್ಚಿಯಲ್ಲಿ ಕೂತು ತನ್ನೆದುರು ಬೆವರಿದವರ ಮುಖಗಳು ವರ್ನಾಗೆ ನೆನಪಾದವು. ಅವರಲ್ಲಿ ಎಷ್ಟೋ ಮಂದಿ ನಿಜ ಹೇಳಿದ್ದರು. ಅವಳು ಅದನ್ನು ತಲೆ ಬಗ್ಗಿಸಿ ಬರೆದುಕೊಂಡಿದ್ದಳು, ಅದಕ್ಕೆ ಎಷ್ಟು ಎದೆ ಬೇಕೆಂದು ಯೋಚಿಸಿರಲಿಲ್ಲ.

"ಇಲ್ಲ," ಅಂದಳು. "ಅರ್ಧ ಓದಿದೆ. ಸಾಕು ಬಿಡು ಅಂದ್ರು, ಬಿಟ್ಟೆ. ವರದೀಲಿ ಪೂರ್ತಿ ಓದಿದೆ ಅಂತ ಗುರುತು ಹಾಕಿದೀನಿ. ಅದು ತಪ್ಪು. ಹೋಗಿದ್ದು ಮಾತ್ರ ನಿಜ."

ಮೇಬ್ರಿ ಅದನ್ನೂ ಬರೆದುಕೊಂಡ.

"ಮಿಸೆಸ್ ಡೆಂಪ್ಸಿ ಮನೆಗೆ ಎರಡು ಸಲ ಹೋದೆ ಮೇಡಂ. ಯಾರೂ ಬಾಗಿಲು ತೆಗೀಲಿಲ್ಲ. ಇನ್ನೊಂದು ಸಲ ನೋಡಿ ಕಡತ ಮುಚ್ತೀನಿ."

"ಯಾವ ಬಾಗಿಲು ತಟ್ಟಿದೆಯಪ್ಪ?"

"ಇದೇನ್ ಪ್ರಶ್ನೆ? ಮುಂಬಾಗಿಲು."

ಅಷ್ಟು ಸಂಕಟದಲ್ಲೂ ವರ್ನಾಗೆ ನಗು ತಡೆಯಲಾಗಲಿಲ್ಲ. "ಅವ್ರು ಏನ್ ಹೇಳ್ಬೇಕು ಅಂತ ನಾನು ಹೇಳಿಕೊಡ್ತಿಲ್ಲ, ಬರ್ಕೋ ಬೇಕಾದ್ರೆ. ಆ ಬಾಗಿಲು ಕೊನೇ ಸಲ ತೆಗೆದದ್ದು ಅವ್ರ ಗಂಡನ ಹೆಣ ಹೊರಗೆ ಹೋಗೋವಾಗ. ಅದರ ಹಿಂದೆ ಸೋಫಾ ಇದೆ. ಹಿತ್ತಿಲಿಗೆ ಹೋಗು. ಮೊದಲು ಯಾರ ಮಗ ಅಂತ ಹೇಳು."

"ನಮ್ಮಪ್ಪನ್ನ ಇಲ್ಲಿ ಯಾರಿಗೂ ಗೊತ್ತಿಲ್ವಲ್ಲ ಮೇಡಂ."

"ಹಂಗಾದ್ರೆ ಬೇಗ ಕೈ ತೊಳ್ಕೊ. ಕೆಲ್ಸ ಕೊಡ್ತಾರೆ."

ಹುಡುಗ ನಗಲಿಲ್ಲ. ನಗುವಂತಿರಲಿಲ್ಲ. ಬಾಗಿಲವರೆಗೆ ಬಂದು ಕಳಿಸಿಕೊಟ್ಟ, ಅಷ್ಟೇ.

ಎರಡು ವಾರದ ಮೇಲೆ ಅಂಚೆಯಲ್ಲಿ ಒಂದು ಡಬ್ಬಿ ಬಂತು. ಒಳಗೆ ಬ್ಯಾಡ್ಜು, ಜೊತೆಗೊಂದು ಪತ್ರ. ಭೇಟಿ ನಡೆದಿದೆ, ಒಕ್ಕಣೆಯ ವಿಷಯದಲ್ಲಿ ತಪ್ಪಾಗಿದೆ, ಎಚ್ಚರಿಕೆ ಕೊಡಲಾಗಿದೆ, ಎರಡು ದಿನದ ತರಬೇತಿಗೆ ಹಾಜರಾಗತಕ್ಕದ್ದು. ವರ್ನಾ ಅಡುಗೆಮನೆಯಲ್ಲಿ ನಿಂತು ಒಂದು ಗಳಿಗೆ ಜೋರಾಗಿ ಅತ್ತಳು. ಆಮೇಲೆ ಬ್ಯಾಡ್ಜು ಒರೆಸಿ ಎಡಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಹೋದಳು.

ಆದರೆ ತನ್ನ ಬಗ್ಗೆ ಯಾರು ಏನು ಹೇಳಿದರೆಂದು ಓದುವ ಆಸೆ ಬಿಡಲಿಲ್ಲ. ಸಾವಿರಾರು ಜನರಿಗೆ ಓದಿ ಹೇಳಿದ ಆ ಒಕ್ಕಣೆ ಅವಳಿಗೂ ಅನ್ವಯಿಸುತ್ತಿತ್ತು. ಅವಳೂ ಅರ್ಜಿ ಹಾಕಿದಳು. ಆರು ತಿಂಗಳ ಮೇಲೆ, ಏಪ್ರಿಲ್‌ನಲ್ಲಿ, ಕಡತ ಬಂತು. ಕೆಲಸದಿಂದ ಬಂದವಳು ಕೋಟೂ ಬಿಚ್ಚದೆ ಓದಲು ಕೂತಳು.

ಓಪಲ್ ಡೆಂಪ್ಸಿಯ ಹೇಳಿಕೆಯನ್ನು ಮೇಬ್ರಿ ಒಂದಕ್ಷರ ಬಿಡದೆ ಬರೆದಿದ್ದ. 'ವರ್ಜಿಲ್‌ನ ಮಗಳು ಬಂದಿದ್ದು ಹೌದು. ಕೆಂಡ್ರಾ ವಿಷಯ ಕೇಳಿದಳು. ಹುರುಳಿಕಾಯಿಯ ನಾರನ್ನು ಸರಿಯಾಗಿ ಬಿಡಿಸಲಿಲ್ಲ. ಅವಳು ಹೋದ ಮೇಲೆ ನಾನು ಮತ್ತೆ ಬಿಡಿಸಬೇಕಾಯಿತು. ಅವಳನ್ನು ನಂಬಬಹುದೇ ಎಂದು ಕೇಳುತ್ತೀಯಾ? ನನ್ನ ಬೀಗದ ಕೈ ಎಲ್ಲಿರುತ್ತದೆ ಎಂದು ಅವಳಿಗೆ ಹೇಳಿದ್ದೇನೆ. ನಿನಗೆ ಹೇಳುವುದಿಲ್ಲ.' ಕೆಳಗೆ ಮೇಬ್ರಿಯ ಒಂದು ಸಾಲು: 'ಈ ಹೇಳಿಕೆ ಬರೆದುಕೊಂಡ ಅಧಿಕಾರಿಯು ಭೇಟಿಯ ವೇಳೆ ಸೇಬಿನ ಸಿಪ್ಪೆ ತೆಗೆದರು.'

ವರ್ನಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಪುಟ ತಿರುಗಿಸಿದಳು. ವೆಂಡೆಲ್ ಓಟ್ಸ್, ನೆರೆಯವರು.

'ಹತ್ತೊಂಬತ್ತು ವರ್ಷದಿಂದ ಪಕ್ಕದ ಮನೆಯಲ್ಲಿದ್ದಾರೆ. ಬೆಳಿಗ್ಗೆ ಹೋಗುತ್ತಾರೆ, ಸಂಜೆ ಬರುತ್ತಾರೆ. ಕೈ ಬೀಸುತ್ತಾರೆ. ಒಳ್ಳೆಯವರೋ ಅಲ್ಲವೋ ಹೇಳುವಷ್ಟು ಪರಿಚಯ ನನಗಿಲ್ಲ. ನನ್ನ ಹೆಂಡತಿ ಕಾಯಿಲೆ ಬಿದ್ದಾಗ ಅವರಿಗೆ ಗೊತ್ತಾಗಿರಲಿಕ್ಕಿಲ್ಲ. ಕೆಲಸ ಬಹಳ ಇರಬೇಕು.'

ಹೆಸರು ಮುಚ್ಚಿಡಿ ಎಂದು ಕೇಳಲು ಅವಕಾಶವಿತ್ತು, ಅವನು ಕೇಳಿರಲಿಲ್ಲ. ಮುಚ್ಚಿಡುವಂಥ ಮಾತನ್ನೇನೂ ಅವನು ಹೇಳಿರಲೂ ಇಲ್ಲ. ಇದ್ದದ್ದನ್ನು ಹೇಳಿದ್ದ. ವರ್ನಾ ಆ ಪುಟವನ್ನು ಮೂರು ಸಲ ಓದಿದಳು. ವೆಂಡೆಲ್‌ನ ಹೆಂಡತಿಯ ಹೆಸರು ಏನೆಂದು ನೆನಪಿಸಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ, ಏಕೆಂದರೆ ಅವಳು ಯಾವತ್ತೂ ಕೇಳಿರಲಿಲ್ಲ. ಮೂರು ಜಿಲ್ಲೆಯ ಹಿತ್ತಿಲ ಬಾಗಿಲು ಗೊತ್ತಿದ್ದವಳಿಗೆ ಇಪ್ಪತ್ತು ಹೆಜ್ಜೆ ಆಚೆಗಿನ ಈ ಬಾಗಿಲು ಗೊತ್ತಿರಲಿಲ್ಲ. ನಾಚಿಕೆಯಿಂದ ಕಿವಿ ಸುಟ್ಟಿತು. ಬ್ಯಾಡ್ಜು ಹೋದಾಗ ಆದದ್ದಕ್ಕಿಂತ ಇದು ದೊಡ್ಡ ನಾಚಿಕೆ.

ಹೊರಗೆ ಇನ್ನೂ ಬೆಳಕಿತ್ತು. ಬ್ಯಾಡ್ಜನ್ನು ತೆಗೆದು ಕಡತದ ಮೇಲಿಟ್ಟು, ಹುಲ್ಲು ದಾಟಿ, ಪಕ್ಕದ ಮನೆಯನ್ನು ಸುತ್ತಿಕೊಂಡು ಹಿಂದಕ್ಕೆ ಹೋದಳು. ಎರಡು ಮೆಟ್ಟಿಲು ಕೆಳಗೆ ನಿಂತು ತಟ್ಟಿದಳು.

ವೆಂಡೆಲ್ ಜಾಲರಿ ಬಾಗಿಲ ಹಿಂದೆ ಬಂದು ನಿಂತ. ಅವಳ ಕೈಯಲ್ಲಿ ಬ್ಯಾಗಾಗಲಿ ಕಾಗದವಾಗಲಿ ಇಲ್ಲದ್ದು ನೋಡಿ ಹುಬ್ಬು ಗಂಟಿಕ್ಕಿದ.

"ನಾನು ವರ್ನಾ," ಅಂದಳು. "ಬಾವಿ ತೋಡ್ತಿದ್ದ ವರ್ಜಿಲ್ ಪ್ರೂಯಿಟ್ ಅವ್ರ ಮಗಳು."

"ಈಗ ಯಾರ ವಿಚಾರ ಕೇಳೋಕೆ ಬಂದ್ರಿ?"

"ನಿಮ್ಮದೇ ಕಣ್ರೀ. ನಿಮ್ಮ ಮನೆಯವ್ರದ್ದೂ. ಬರ್ಕೊಳ್ಳೋಲ್ಲ."

ವೆಂಡೆಲ್ ಜಾಲರಿಯ ಚಿಲಕ ತೆಗೆದು, ಕುರ್ಚಿಯ ಮೇಲಿದ್ದ ಬೆಕ್ಕನ್ನು ಕೆಳಗಿಳಿಸಿದ.

"ಹೆಲೆನ್ ಅಂತ ಅವಳ ಹೆಸರು," ಎಂದ. "ಕೂತ್ಕೊಳ್ಳಿ."